ಪಾರ್ಶ್ವವಾಯುವಿಗೆ ಸ್ಟೆಮ್ ಸೆಲ್ ಪ್ರಯೋಗ: ಅಪ್ಪನನ್ನು ಸೇರಿಸಬಹುದೇ? ವೈದ್ಯರು ಏಕೆ ಹಿಂಜರಿಯುತ್ತಾರೆ?

ಪ್ರಶ್ನೆ (ತೀರ್ಥಹಳ್ಳಿಯಿಂದ, ಮೇಷ್ಟರ ಮಗಳು)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 63 ವರ್ಷ. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ಐದು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವರಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು, ಬಾಯಿ ಒಂದು ಕಡೆಗೆ ವಾಲಿತ್ತು. ನಿದ್ದೆಯಲ್ಲಿ ಯಾವ ಹೊತ್ತಿಗೆ ಆರಂಭವಾಯಿತೆಂದು ಹೇಳಲು ಯಾರಿಗೂ ಆಗಲಿಲ್ಲ, ಶಿವಮೊಗ್ಗ ತಲುಪುವಷ್ಟರಲ್ಲಿ ಮತ್ತಷ್ಟು ಹೊತ್ತು ಕಳೆದಿತ್ತು. ಹಾಗಾಗಿ ರಕ್ತದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಕೊಡುವ ಸಮಯ ಮೀರಿದೆ ಎಂದು ವೈದ್ಯರು ತಿಳಿಸಿದರು.

ಈಗ ಪಕ್ಕದಲ್ಲಿ ಒಬ್ಬರಿದ್ದರೆ ಕೋಲು ಹಿಡಿದು ಜಗಲಿಯಿಂದ ಅಂಗಳದ ತುಳಸಿಕಟ್ಟೆಯವರೆಗೆ ನಡೆಯುತ್ತಾರೆ. ಬಲಗೈ ಬೆರಳುಗಳು ಮಡಚಿಕೊಂಡೇ ಇರುತ್ತವೆ. ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡುತ್ತಾರೆ. ನಾವು ಹೇಳಿದ್ದು ಬಹುಮಟ್ಟಿಗೆ ಅರ್ಥವಾಗುತ್ತದೆ, ಆದರೆ ‘ಹೂಂ’ ಮತ್ತು ‘ಬೇಡ’ ಎಂಬೆರಡನ್ನು ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ನನ್ನ ಹೆಸರನ್ನು ಹಿಡಿದು ಕರೆಯಲಾರದವರು, ನನ್ನ ಮಗ ಪಕ್ಕದಲ್ಲಿ ಕುಳಿತು ಮಗ್ಗಿ ಆರಂಭಿಸಿದರೆ ‘ಎರಡೆರಡ್ಲ ನಾಲ್ಕು, ಎರಡ್ಮೂರ್ಲ ಆರು’ ಎಂದು ತಡೆಯಿಲ್ಲದೆ ಇಪ್ಪತ್ತರವರೆಗೂ ಹೇಳಿ ಮುಗಿಸಿ, ಮತ್ತೆ ಮೌನವಾಗುತ್ತಾರೆ. ಅದನ್ನು ಮೊದಲ ಸಲ ಕೇಳಿದ ದಿನ ಅಮ್ಮ ಅಡುಗೆಮನೆಯಿಂದ ಓಡಿ ಬಂದಿದ್ದರು.

ನಮ್ಮ ಮುಂದೆ ಎರಡು ದಾರಿಗಳಿವೆ. ಒಂದು ಖಾಸಗಿ ಕ್ಲಿನಿಕ್ ಮೂರು ಬಾರಿ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಇಂಜೆಕ್ಷನ್ ಕೊಡುವುದಾಗಿಯೂ, ಒಟ್ಟು ಆರು ಲಕ್ಷ ರೂಪಾಯಿ ಆಗುವುದಾಗಿಯೂ ಹೇಳಿದೆ. ಹಣ ಹೊಂದಿಸೋಣ, ತಡಮಾಡುವುದು ಬೇಡ ಎಂಬುದು ನನ್ನ ಅಣ್ಣನ ಅಭಿಪ್ರಾಯ. ಇನ್ನೊಂದು, ದೊಡ್ಡ ಆಸ್ಪತ್ರೆಯೊಂದರಲ್ಲಿ ಇಂಥದೇ ಕೋಶಗಳ ಪ್ರಯೋಗ ನಡೆಯಲಿದ್ದು, ಅಲ್ಲಿ ಹಣ ಕೊಡಬೇಕಾಗಿಲ್ಲ. ಆದರೆ ಸೇರಿದವರಲ್ಲಿ ಅರ್ಧ ಮಂದಿಗೆ ಕೋಶಗಳನ್ನು ಕೊಡದೆ ಬರಿಯ ಸಲೈನ್ ಕೊಡುತ್ತಾರಂತೆ, ಯಾರಿಗೆ ಏನು ಸಿಕ್ಕಿತೆಂದು ಕೊನೆಯವರೆಗೂ ಹೇಳುವುದಿಲ್ಲವಂತೆ. ಅಪ್ಪನನ್ನು ಮೊದಲಿನಿಂದಲೂ ನೋಡುತ್ತಿರುವ ನರರೋಗ ವೈದ್ಯರನ್ನು ಕೇಳಿದರೆ ಕ್ಲಿನಿಕ್ಕಿಗೆ ಹೋಗಬೇಡಿ ಎಂದು ಖಚಿತವಾಗಿ ಹೇಳುತ್ತಾರೆ, ಪ್ರಯೋಗದ ವಿಷಯಕ್ಕೆ ಬಂದರೆ ಸೇರಿ ಎಂದೂ ಹೇಳುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ಇಷ್ಟು ಒಳ್ಳೆಯ ವೈದ್ಯರು ಈ ಒಂದು ವಿಷಯದಲ್ಲಿ ಏಕೆ ಹೀಗೆ ಹಿಂಜರಿಯುತ್ತಾರೆಂದು ನನಗೆ ತಿಳಿಯುತ್ತಿಲ್ಲ. ವೈದ್ಯರಿಗೇ ನಂಬಿಕೆ ಇಲ್ಲದ ಪ್ರಯೋಗಕ್ಕೆ ಅಪ್ಪನನ್ನು ಕಳುಹಿಸುವುದು ಸರಿಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1 (ನರರೋಗ ವೈದ್ಯ, ಬೆಂಗಳೂರು)

ನಿಮ್ಮ ವೈದ್ಯರ ಪರವಾಗಿ ಮೊದಲು ಒಂದು ಮಾತು ಹೇಳುತ್ತೇನೆ. ಅವರ ಹಿಂಜರಿಕೆಯನ್ನು ನೀವು ನಂಬಿಕೆಯ ಕೊರತೆ ಎಂದು ಓದಿದ್ದೀರಿ. ನಾನು ಅದನ್ನು ಪ್ರಾಮಾಣಿಕತೆ ಎಂದು ಓದುತ್ತೇನೆ. ಒಂದು ಚಿಕಿತ್ಸೆಯಿಂದ ಗುಣವಾಗುತ್ತದೆಂದು ವೈದ್ಯರಿಗೆ ನಿಶ್ಚಯವಾಗಿ ಗೊತ್ತಿದ್ದರೆ, ಅರ್ಧ ಮಂದಿಗೆ ಸಲೈನ್ ಕೊಡುವ ಪ್ರಯೋಗಕ್ಕೆ ರೋಗಿಯನ್ನು ಕಳುಹಿಸುವುದು ಅನ್ಯಾಯವಾಗುತ್ತದೆ. ಗುಣವಾಗುವುದಿಲ್ಲವೆಂದು ನಿಶ್ಚಯವಾಗಿ ಗೊತ್ತಿದ್ದರೂ ಕಳುಹಿಸುವುದು ಅನ್ಯಾಯವೇ. ನಿಜವಾಗಿಯೂ ಗೊತ್ತಿಲ್ಲದಿರುವ ಸ್ಥಿತಿಯಲ್ಲಿ ಮಾತ್ರ ಪ್ರಯೋಗಕ್ಕೆ ನೈತಿಕವಾದ ನೆಲೆ ಇದೆ. ಬೆಂಜಮಿನ್ ಫ್ರೀಡ್‌ಮನ್ ಎಂಬ ಚಿಂತಕರು 1987ರಲ್ಲಿ ಇದನ್ನು ಸ್ಪಷ್ಟಪಡಿಸಿದರು: ಒಬ್ಬ ವೈದ್ಯನ ಮನಸ್ಸು ಯಾವ ಕಡೆಗೆ ವಾಲಿದೆ ಎಂಬುದು ಮುಖ್ಯವಲ್ಲ, ತಜ್ಞರ ಸಮುದಾಯದಲ್ಲಿ ಒಮ್ಮತ ಮೂಡಿಲ್ಲದಿರುವುದು ಮುಖ್ಯ. ಆದ್ದರಿಂದ ‘ಸೇರಿ’ ಎಂದು ಒತ್ತಾಯಿಸುವ ವೈದ್ಯರಿಗಿಂತ, ‘ಗೊತ್ತಿಲ್ಲ, ಯೋಚಿಸಿ’ ಎನ್ನುವ ವೈದ್ಯರು ನಿಮಗೆ ಸಿಕ್ಕಿರುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ.

ಈ ಗೊತ್ತಿಲ್ಲದಿರುವಿಕೆ ಎಲ್ಲಿಂದ ಬಂತು ಎಂಬುದಕ್ಕೆ ಹಿನ್ನೆಲೆ ಬೇಕು. ನಮ್ಮ ದೇಶದಲ್ಲಿಯೇ ದೆಹಲಿಯ ಏಮ್ಸ್‌ನ ಕಾಮೇಶ್ವರ ಪ್ರಸಾದ್ ಅವರ ನೇತೃತ್ವದಲ್ಲಿ ಐದು ಕೇಂದ್ರಗಳು ಸೇರಿ, ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ ಒಂದು ಪ್ರಯೋಗ ನಡೆಸಿದವು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಪಾರ್ಶ್ವವಾಯು ಆಗಿ 7ರಿಂದ 30 ದಿನಗಳೊಳಗಿನ 120 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನವರ ಸೊಂಟದ ಮೂಳೆಯಿಂದ ಅಸ್ಥಿಮಜ್ಜೆ ತೆಗೆದು, ಅದರಿಂದ ಬೇರ್ಪಡಿಸಿದ ಸರಾಸರಿ ಸುಮಾರು 28 ಕೋಟಿ ಕೋಶಗಳನ್ನು ಅವರದೇ ರಕ್ತನಾಳದ ಮೂಲಕ ಕೊಟ್ಟರು. ಆರು ತಿಂಗಳ ನಂತರ, ಯಾರು ಯಾವ ಗುಂಪಿನವರೆಂದು ತಿಳಿಯದ ಪರೀಕ್ಷಕರು ಬಾರ್ಥೆಲ್ ಸೂಚ್ಯಂಕದಿಂದ ಅಳೆದರು. ಊಟ, ಸ್ನಾನ, ಬಟ್ಟೆ ಧರಿಸುವುದು, ಶೌಚ, ನಡಿಗೆ, ಮೆಟ್ಟಿಲು ಹತ್ತುವುದು ಮುಂತಾದ ಹತ್ತು ಕೆಲಸಗಳಿಗೆ 100ಕ್ಕೆ ಅಂಕ ಕೊಡುವ ಕ್ರಮ ಅದು. ಎರಡೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕೋಶಗಳನ್ನು ಕೊಡುವುದು ಸುರಕ್ಷಿತವೆಂದು ತೋರಿತು, ಆದರೆ ಅದರಿಂದ ಪ್ರಯೋಜನವಾಯಿತೆಂದು ತೋರಲಿಲ್ಲ. ಆ 120 ಮಂದಿ ಒಪ್ಪದೆ ಇದ್ದಿದ್ದರೆ ಈ ಮಾತನ್ನು ನಾನು ಇಂದು ನಿಮಗೆ ಹೇಳಲು ಆಗುತ್ತಿರಲಿಲ್ಲ.

ಅಮೆರಿಕದ ಕಥೆಯನ್ನೂ ತಿಳಿಯಬೇಕು, ಏಕೆಂದರೆ ನಿಮ್ಮ ಅಣ್ಣನವರು ನೋಡಿರಬಹುದಾದ ವೀಡಿಯೊಗಳಲ್ಲಿ ಬಹುಪಾಲು ಅಲ್ಲಿಂದ ಬಂದವು. ಸ್ಟ್ಯಾನ್‌ಫರ್ಡ್‌ನ ಗ್ಯಾರಿ ಸ್ಟೈನ್‌ಬರ್ಗ್ ಅವರ ತಂಡ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪಾರ್ಶ್ವವಾಯು ಆಗಿ ತಿಂಗಳುಗಳೋ ವರ್ಷಗಳೋ ಕಳೆದಿದ್ದ 18 ಮಂದಿಯ ಮೆದುಳಿಗೆ ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಕೋಶಗಳನ್ನು ಸೇರಿಸಿದಾಗ ಹಲವರಲ್ಲಿ ಸುಧಾರಣೆ ಕಂಡಿತ್ತು. ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಆದರೆ ಆ 18 ಮಂದಿಗೆ ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲ. ಅದೇ ಕೋಶಗಳನ್ನು 163 ಮಂದಿಯಲ್ಲಿ, ಹೋಲಿಕೆಯ ಗುಂಪಿನವರಿಗೆ ತೋರಿಕೆಯ ಶಸ್ತ್ರಚಿಕಿತ್ಸೆಯನ್ನು ಮಾತ್ರ ಮಾಡಿ ಪರೀಕ್ಷಿಸಿದಾಗ, ಪ್ರಯೋಗ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲವೆಂದು 2019ರಲ್ಲಿ ಪ್ರಕಟಿಸಲಾಯಿತು. ಜಪಾನಿನಲ್ಲಿ ಪಾರ್ಶ್ವವಾಯು ಆದ ಒಂದೂವರೆ ದಿನದೊಳಗೆ ದಾನಿಯ ಕೋಶಗಳನ್ನು ಕೊಟ್ಟು 206 ಮಂದಿಯಲ್ಲಿ ನಡೆಸಿದ ಪ್ರಯೋಗವೂ 90 ದಿನಗಳ ಹೊತ್ತಿಗೆ ನಿರೀಕ್ಷಿಸಿದ ಲಾಭವನ್ನು ತೋರಿಸಲಿಲ್ಲ. ಅದರ ವಿವರ ಪ್ರಕಟವಾದದ್ದು 2024ರಲ್ಲಿ.

ಹಾಗಾದರೆ ಮತ್ತೆ ಪ್ರಯೋಗವೇಕೆ ಎಂದು ನೀವು ಕೇಳಬಹುದು. ಹಿಂದೆ, ಈ ಕೋಶಗಳು ಮೆದುಳಿಗೆ ಹೋಗಿ ಸತ್ತ ನರಕೋಶಗಳ ಜಾಗದಲ್ಲಿ ಬೆಳೆಯುತ್ತವೆ ಎಂಬ ಕಲ್ಪನೆ ಇತ್ತು. ರಕ್ತನಾಳದ ಮೂಲಕ ಕೊಟ್ಟ ಕೋಶಗಳಲ್ಲಿ ಬಹುಪಾಲು ಮೊದಲು ಶ್ವಾಸಕೋಶದಲ್ಲಿಯೇ ಸಿಕ್ಕಿಕೊಳ್ಳುತ್ತವೆ ಎಂಬುದು ಈಗ ತಿಳಿದಿದೆ. ಅವು ಬಿಡುಗಡೆ ಮಾಡುವ ರಾಸಾಯನಿಕಗಳು ಉರಿಯೂತವನ್ನು ತಗ್ಗಿಸಿ, ಉಳಿದಿರುವ ನರಗಳ ಹೊಸ ಜೋಡಣೆಗೆ ನೆರವಾಗಬಹುದು ಎಂಬುದು ಇಂದಿನ ತಿಳಿವಳಿಕೆ. ಹಾಗಿದ್ದರೆ ಯಾವ ಕೋಶ, ಎಷ್ಟು, ಯಾವ ದಿನ, ಯಾವ ಮಾರ್ಗ ಎಂಬ ಪ್ರಶ್ನೆಗಳೆಲ್ಲವೂ ತೆರೆದೇ ಇವೆ. ನಿಮ್ಮ ತಂದೆಯವರಿಗೆ ಸೂಚಿಸಿರುವ ಪ್ರಯೋಗ ಅವುಗಳಲ್ಲಿ ಒಂದಕ್ಕೆ ಉತ್ತರ ಹುಡುಕುತ್ತಿರಬೇಕು.

ಇನ್ನು ವೈದ್ಯರ ಮನಸ್ಸಿನ ಬಗ್ಗೆ. ರೋಗಿಗಳು ಇಂಥ ಪ್ರಯೋಗಗಳಿಗೆ ಸುಲಭವಾಗಿ ಒಲಿಯುತ್ತಾರೆ. ಸ್ವೀಡನ್ನಿನ ಲುಂಡ್‌ನಲ್ಲಿ ಪಾರ್ಶ್ವವಾಯು ಆಗಿ ಕೆಲವು ವರ್ಷ ಕಳೆದವರನ್ನು ಕೇಳಿದಾಗ ಹೆಚ್ಚಿನವರು ಸ್ಟೆಮ್ ಸೆಲ್ ಚಿಕಿತ್ಸೆಯ ಬಗ್ಗೆ ಒಲವು ತೋರಿದ್ದು 2017ರಲ್ಲಿ ಪ್ರಕಟವಾಗಿದೆ. ನನ್ನ ಹೊರರೋಗಿ ವಿಭಾಗದಲ್ಲಿಯೂ ಅದೇ ಅನುಭವ. ಆದರೆ ರೋಗಿಯ ಒಪ್ಪಿಗೆಯ ಹಿಂದೆ ಸಾಮಾನ್ಯವಾಗಿ ‘ನನಗೆ ಗುಣವಾಗುತ್ತದೆ’ ಎಂಬ ಭರವಸೆ ಇರುತ್ತದೆ. ಪ್ರಯೋಗದ ಹಿಂದೆ ಇರುವುದು ‘ಗುಣವಾಗುತ್ತದೆಯೇ?’ ಎಂಬ ಪ್ರಶ್ನೆ. ಈ ಎರಡರ ನಡುವಿನ ಅಂತರವನ್ನು ಅಮೆರಿಕದ ಪಾಲ್ ಆಪಲ್‌ಬಾಮ್ ಮತ್ತು ಅವರ ಸಹೋದ್ಯೋಗಿಗಳು 1982ರಲ್ಲಿಯೇ ಗುರುತಿಸಿ, ಪ್ರಯೋಗವನ್ನು ಚಿಕಿತ್ಸೆಯೆಂದು ತಪ್ಪಾಗಿ ತಿಳಿಯುವ ಸ್ಥಿತಿ ಎಂದು ವಿವರಿಸಿದರು. ನಾನು ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಒಂದು ಔಷಧ ಪ್ರಯೋಗಕ್ಕೆ ಒಪ್ಪಿಗೆ ಕೇಳಲು ಒಂದು ಕುಟುಂಬದ ಬಳಿ ಹೋಗಿದ್ದೆ. ಅರ್ಧ ಗಂಟೆ ವಿವರಿಸಿದೆ. ಹಿರಿಯರೊಬ್ಬರು ಕೈಮುಗಿದು, ‘ನೀವು ಹೇಳಿದಂಗೆ ಆಗಲಿ ಸಾರ್, ನಮಗೇನು ತಿಳಿಯುತ್ತೆ’ ಎಂದರು. ಹೆಬ್ಬೆಟ್ಟು ಒತ್ತಲು ಕೈ ಚಾಚಿಯೇ ಇದ್ದರು. ಆ ಚಾಚಿದ ಕೈಯನ್ನು ನೋಡಿ ನನಗೆ ಆದ ಸಂಕೋಚ ಇಂದಿಗೂ ಹೋಗಿಲ್ಲ. ಅವರು ಪ್ರಯೋಗಕ್ಕೆ ಒಪ್ಪಿರಲಿಲ್ಲ, ನನ್ನನ್ನು ನಂಬಿದ್ದರು. ನಿಮ್ಮ ವೈದ್ಯರಿಗೂ ಇದೇ ಅಳುಕು ಇದ್ದರೆ ಆಶ್ಚರ್ಯವಿಲ್ಲ: ತಾವು ‘ಹೂಂ’ ಎಂದರೆ ನೀವು ಅದನ್ನು ಭರವಸೆಯೆಂದು ತಿಳಿಯುತ್ತೀರಿ, ನಾಳೆ ಫಲ ಸಿಗದಿದ್ದರೆ ಐದು ತಿಂಗಳಲ್ಲಿ ಬೆಳೆದ ವಿಶ್ವಾಸ ಮುರಿಯುತ್ತದೆ ಎಂದು.

ಕ್ಲಿನಿಕ್ಕಿನ ವಿಷಯಕ್ಕೆ ಬಂದರೆ ನನಗೆ ಯಾವ ಅಳುಕೂ ಇಲ್ಲ. ಹೋಗಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿಗಳ ಪ್ರಕಾರ, ರಕ್ತಸಂಬಂಧಿ ಕಾಯಿಲೆಗಳಂಥ ಅಂಗೀಕೃತ ಸಂದರ್ಭಗಳಲ್ಲಿ ಅಸ್ಥಿಮಜ್ಜೆ ಕಸಿ ಮಾಡುವುದನ್ನು ಬಿಟ್ಟು, ಸ್ಟೆಮ್ ಸೆಲ್‌ಗಳನ್ನು ಮನುಷ್ಯರಿಗೆ ಕೊಡುವುದು ಅನುಮತಿ ಪಡೆದ ಪ್ರಯೋಗದ ಚೌಕಟ್ಟಿನಲ್ಲಿ ಮಾತ್ರ ಆಗಬೇಕು. ಪ್ರಯೋಗವನ್ನು ದಾಟಿ ಅನುಮೋದನೆ ಪಡೆದದ್ದೂ ಇಲ್ಲದಿಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಸ್ಟೆಂಪ್ಯೂಸೆಲ್ ಎಂಬ ಉತ್ಪನ್ನಕ್ಕೆ ಬರ್ಜರ್ ಕಾಯಿಲೆಯಿಂದ ಕಾಲಿನ ರಕ್ತಸಂಚಾರ ಕುಂದಿದವರಿಗಾಗಿ 2016ರಲ್ಲಿ ಸೀಮಿತ ಅನುಮತಿ ಸಿಕ್ಕಿತು. ಕ್ರಮವಾಗಿ ನಡೆದರೆ ದಾರಿ ಇದೆ ಎಂಬುದಕ್ಕಾಗಿ ಇದನ್ನು ಹೇಳಿದೆ. ಅದು ಪಾರ್ಶ್ವವಾಯುವಿಗೆ ಸಿಕ್ಕ ಅನುಮತಿಯಲ್ಲ.

ಉತ್ತರ 2 (ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ)

ಡಾಕ್ಟರರು ಬರೆದದ್ದಕ್ಕೆ ನಾನು ಸೇರಿಸುವುದು ಒಂದೇ ವಿಷಯ, ಆದರೆ ಅದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನನ್ನ ಬಳಿ ವ್ಯಾಯಾಮಕ್ಕೆ ಬರುತ್ತಿದ್ದ ರೈತರೊಬ್ಬರು ನಾಲ್ಕನೆಯ ತಿಂಗಳಿಗೆ ಭುಜವನ್ನು ತಲೆಯ ಮಟ್ಟಕ್ಕೆ ಎತ್ತುವಷ್ಟು ಸುಧಾರಿಸಿದ್ದರು. ಮನೆಯವರು ಹೊಲ ಒತ್ತೆಯಿಟ್ಟು ಅವರನ್ನು ದೂರದ ಊರಿನ ಒಂದು ಕ್ಲಿನಿಕ್ಕಿಗೆ ಕರೆದೊಯ್ದು ಸ್ಟೆಮ್ ಸೆಲ್ ಹಾಕಿಸಿದರು. ಕೋಶಗಳು ‘ಕೂರುವ’ ತನಕ ಕೈಯನ್ನು ಅಲುಗಾಡಿಸಬೇಡಿ ಎಂದು ಅಲ್ಲಿ ಹೇಳಿದ್ದರಂತೆ. ಆರು ವಾರ ಬಿಟ್ಟು ಮರಳಿ ಬಂದಾಗ ಅವರ ಅಂಗಿ ತೆಗೆಸಲು ನನಗೆ ಹತ್ತು ನಿಮಿಷ ಬೇಕಾಯಿತು. ಭುಜ ಹಿಡಿದುಕೊಂಡಿತ್ತು, ತೋಳನ್ನು ಎತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಪಡೆದ ಸುಧಾರಣೆಯನ್ನು ಮತ್ತೆ ಪಡೆಯಲು ಮೂರು ತಿಂಗಳು ಹಿಡಿಯಿತು. ಇಂಜೆಕ್ಷನ್ ಅವರಿಗೆ ನೇರವಾಗಿ ಕೆಡುಕು ಮಾಡಿತೆಂದು ನಾನು ಹೇಳುವುದಿಲ್ಲ. ಅದಕ್ಕಾಗಿ ಕಳೆದ ಆರು ವಾರಗಳು ಮಾಡಿದವು.

ನೇರವಾದ ಕೆಡುಕೂ ಆಗಿರುವುದುಂಟು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳಲು ಚೀನಾ, ಅರ್ಜೆಂಟೀನಾ ಮತ್ತು ಮೆಕ್ಸಿಕೊದ ಕ್ಲಿನಿಕ್‌ಗಳಲ್ಲಿ ಬೆನ್ನುಹುರಿಯ ದ್ರವಕ್ಕೆ ಸ್ಟೆಮ್ ಸೆಲ್ ಹಾಕಿಸಿಕೊಂಡ ಅಮೆರಿಕದ ಒಬ್ಬರಲ್ಲಿ ಬೆನ್ನುಹುರಿಯೊಳಗೆ ಬೇರೆಯವರ ಕೋಶಗಳಿಂದಲೇ ಗಡ್ಡೆ ಬೆಳೆದದ್ದನ್ನು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 2016ರಲ್ಲಿ ವರದಿ ಮಾಡಿತ್ತು. ಪಾರ್ಶ್ವವಾಯು ಉಳಿಸಿದ್ದ ಶಕ್ತಿಯನ್ನೂ ಅವರು ಅದರಿಂದ ಕಳೆದುಕೊಂಡರು. ಸರಿಯಾದ ಪ್ರಯೋಗದಲ್ಲಿ ಇಂಥದು ಆಗುವುದೇ ಇಲ್ಲವೆಂದಲ್ಲ, ಆದರೆ ಅಲ್ಲಿ ಕೋಶಗಳು ಎಲ್ಲಿಂದ ಬಂದವೆಂಬ ದಾಖಲೆ ಇರುತ್ತದೆ, ತಿಂಗಳುಗಟ್ಟಲೆ ಕರೆದು ಪರೀಕ್ಷಿಸುವವರು ಇರುತ್ತಾರೆ.

ಆದ್ದರಿಂದ ಪ್ರಯೋಗದವರನ್ನು ಭೇಟಿಯಾದಾಗ ವ್ಯಾಯಾಮ ಮತ್ತು ಸ್ಪೀಚ್ ಥೆರಪಿ ಎರಡೂ ಗುಂಪುಗಳಿಗೂ ಮುಂದುವರಿಯುತ್ತವೆಯೇ, ಅದರ ಖರ್ಚು ಯಾರದು ಎಂದು ಮೊದಲು ಕೇಳಿ. ಮುಂದುವರಿಯುವುದಿಲ್ಲವೆಂದರೆ, ಕೋಶ ಎಷ್ಟೇ ಹೊಸದಾಗಿದ್ದರೂ ನಾನಾದರೆ ಒಪ್ಪುವುದಿಲ್ಲ. ಅಪ್ಪಾಜಿಯವರ ಬೆರಳುಗಳು ಮಡಚಿಕೊಂಡೇ ಇರುತ್ತವೆ ಎಂದಿದ್ದೀರಿ. ರಾತ್ರಿ ಕೈಗೆ ಸ್ಪ್ಲಿಂಟ್ (ಬೆರಳುಗಳನ್ನು ಬಿಡಿಸಿ ಹಿಡಿದಿಡುವ ಆಧಾರಪಟ್ಟಿ) ಕಟ್ಟುತ್ತಿದ್ದೀರಾ? ಇಲ್ಲದಿದ್ದರೆ ಅಲ್ಲಿನ ಥೆರಪಿಸ್ಟರನ್ನು ಈ ವಾರವೇ ಕೇಳಿ.

ಉತ್ತರ 3 (ಶಿಕ್ಷಕಿ, ದಾವಣಗೆರೆ)

ನಾನು ವೈದ್ಯಳಲ್ಲ. ನನ್ನ ಯಜಮಾನರು ಪಾರ್ಶ್ವವಾಯುವಿನ ಬೇರೊಂದು ಔಷಧದ ಪ್ರಯೋಗದಲ್ಲಿ ಒಂದು ವರ್ಷ ಇದ್ದರು. ಅದು ಸ್ಟೆಮ್ ಸೆಲ್ ಪ್ರಯೋಗ ಅಲ್ಲ, ಆದರೂ ಸೇರುವ ಕುಟುಂಬ ಏನನ್ನು ಅನುಭವಿಸುತ್ತದೆ ಎಂಬುದು ಒಂದೇ ಆಗಿರುವುದರಿಂದ ಬರೆಯುತ್ತಿದ್ದೇನೆ.

ಸೇರುವ ದಿನ, ‘ಅರ್ಧದಷ್ಟು ಮಂದಿಗೆ ಔಷಧ ಇರುವುದಿಲ್ಲ’ ಎಂದು ಅವರು ಮೂರು ಬಾರಿ ಹೇಳಿದರು. ಮೂರು ಬಾರಿಯೂ ನಾನು ತಲೆಯಾಡಿಸಿದೆ. ಆದರೆ ಒಳಗೆ, ನಮಗೆ ಸಿಕ್ಕಿರುವುದು ಔಷಧವೇ ಎಂದು ಮೊದಲ ದಿನದಿಂದ ನಂಬಿಕೊಂಡಿದ್ದೆ. ಅವರು ಒಂದು ದಿನ ಚಪ್ಪಲಿಯನ್ನು ತಾವೇ ಹಾಕಿಕೊಂಡರೆ ಅದು ಔಷಧದ ಗುಣ, ಮರುದಿನ ಹಾಕಿಕೊಳ್ಳಲಾಗದಿದ್ದರೆ ಹವೆಯ ದೋಷ. ವರ್ಷದ ಕೊನೆಗೆ ಅವರು ಔಷಧವಿಲ್ಲದ ಗುಂಪಿನಲ್ಲಿದ್ದರೆಂದು ತಿಳಿದಾಗ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅತ್ತೆ. ಯಾರೂ ನಮಗೆ ಮೋಸ ಮಾಡಿರಲಿಲ್ಲ. ಹೇಳಿದ್ದನ್ನೇ ಮಾಡಿದ್ದರು. ನನ್ನ ಯಜಮಾನರು ಮಾತ್ರ ಶಾಂತವಾಗಿ, ‘ಹಾಗಾದರೆ ಚಪ್ಪಲಿ ಹಾಕಿಕೊಂಡದ್ದು ನಾನೇ’ ಎಂದರು.

ಇನ್ನೊಂದು ವ್ಯಾವಹಾರಿಕ ಮಾತು. ಪ್ರಯೋಗ ಉಚಿತ ಎಂದರೆ ಔಷಧ ಮತ್ತು ಪರೀಕ್ಷೆ ಉಚಿತ. ಬೆಳಗಿನ ನಾಲ್ಕು ಗಂಟೆಯ ಬಸ್ಸು, ನನ್ನ ರಜೆ, ಜೊತೆಗೆ ಬರುವ ಮೈದುನನ ದಿನದ ಕೂಲಿ, ಇವುಗಳ ಲೆಕ್ಕವನ್ನು ನಾವೇ ಹಾಕಬೇಕು. ಪ್ರಯಾಣದ ಖರ್ಚು ಕೊಡುತ್ತೀರಾ ಎಂದು ಕೇಳಲು ನಾಚಿಕೆಪಡಬೇಡಿ. ನಾವು ಆರು ತಿಂಗಳಾದ ಮೇಲೆ ಕೇಳಿದೆವು, ಕೊಟ್ಟರು. ಮೊದಲೇ ಕೇಳಬಹುದಿತ್ತು.

ಮತ್ತೆ ಅವಕಾಶ ಬಂದರೆ ಸೇರುತ್ತೀರಾ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಸೇರುತ್ತೇವೆ. ಈ ಬಾರಿ ಸಲೈನ್ ಗುಂಪಿನಲ್ಲಿ ಇದ್ದೇವೆ ಎಂದೇ ತಿಳಿದು ಸೇರುತ್ತೇವೆ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಉತ್ತರಗಳನ್ನು ಅಣ್ಣನಿಗೂ ಓದಿ ಹೇಳಿದೆ. ಕ್ಲಿನಿಕ್ಕಿನ ಮಾತನ್ನು ಅವನು ಸದ್ಯಕ್ಕೆ ಕೈಬಿಟ್ಟಿದ್ದಾನೆ. ಈಗ ನನ್ನನ್ನು ಕಾಡುತ್ತಿರುವುದು ಬೇರೆ. ಇಷ್ಟು ದಿನ ನಾನು, ಅಮ್ಮ, ಅಣ್ಣ ಚರ್ಚಿಸಿದೆವೇ ಹೊರತು, ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಅಪ್ಪನನ್ನು ಕೇಳಲಿಲ್ಲ. ಮಾತು ಬಾರದವರ ಒಪ್ಪಿಗೆಯನ್ನು ಪ್ರಯೋಗದವರು ಹೇಗೆ ಪಡೆಯುತ್ತಾರೆ? ನಾವು ಸಹಿ ಮಾಡಿದರೆ ಸಾಕೇ?

ಉತ್ತರ 4 (ನರರೋಗ ವೈದ್ಯ, ಬೆಂಗಳೂರು)

ಈ ಪ್ರಶ್ನೆಯನ್ನು ನಾನೇ ಎತ್ತಬೇಕಾಗಿತ್ತು. ಕಾನೂನಿನ ಮಟ್ಟಿಗೆ ಹೇಳುವುದಾದರೆ, 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್‌ಗಳ ನಿಯಮಗಳ ಪ್ರಕಾರ, ರೋಗಿಗೆ ಸ್ವತಃ ಒಪ್ಪಿಗೆ ಕೊಡುವ ಶಕ್ತಿ ಇಲ್ಲದಿದ್ದರೆ ಕಾನೂನುಬದ್ಧ ಪ್ರತಿನಿಧಿ ಸಹಿ ಮಾಡಬಹುದು. ಓದುಬರಹ ಸಾಧ್ಯವಿಲ್ಲದವರ ಸಂದರ್ಭದಲ್ಲಿ ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಜೊತೆಗಿರಬೇಕು. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಇಂಗ್ಲಿಷಿನದನ್ನು ಕೊಟ್ಟರೆ ಕನ್ನಡದ್ದನ್ನು ಕೇಳಿ ಪಡೆಯಿರಿ, ಮನೆಗೆ ತಂದು ಓದಲು ಸಮಯ ಕೇಳಿ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರದ ವಿವರ ಅದರಲ್ಲಿರಬೇಕು. ಯಾವಾಗ ಬೇಕಾದರೂ ಹೊರಬರಬಹುದು, ಹಾಗೆ ಬಂದರೆ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಿಲ್ಲ ಎಂಬುದೂ ಇರಬೇಕು. ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ವ್ಯವಸ್ಥೆಯಾದ ಸಿಟಿಆರ್‌ಐನಲ್ಲಿ ಆ ಪ್ರಯೋಗದ ಸಂಖ್ಯೆ ಇದೆಯೇ ಎಂದೂ ನೋಡಿ. ಅಲ್ಲಿ ಯಾರು ಬೇಕಾದರೂ ಹುಡುಕಬಹುದು.

ಆದರೆ ನಿಮ್ಮ ತಂದೆಯವರ ವಿಷಯದಲ್ಲಿ ನಿಮ್ಮ ಸಹಿ ಮಾತ್ರ ಸಾಲದೆಂದೇ ನನ್ನ ನಿಲುವು. ಅವರಿಗೆ ಅಫೇಸಿಯಾ ಆಗಿದೆ. ಮಾತು ಹೊರಡುವ ದಾರಿ ಮುಚ್ಚಿದೆ, ಬುದ್ಧಿ ಮುಚ್ಚಿಲ್ಲ. ಮಗ್ಗಿ ಹೇಳುವುದು ಬಾಯಿಗೆ ಬಂದ ಅಭ್ಯಾಸ, ಅದು ಬೇರೆ ದಾರಿಯಿಂದ ಬರುತ್ತದೆ, ಆದ್ದರಿಂದ ಅದನ್ನು ಕೇಳಿ ಮಾತು ಮರಳಿತೆಂದು ತಿಳಿಯುವುದೂ ಸರಿಯಲ್ಲ. ಹಾಗೆಯೇ ಹೆಸರು ಹೇಳಲಾಗದ್ದನ್ನು ನೋಡಿ ತಿಳಿವಳಿಕೆ ಹೋಗಿದೆಯೆಂದು ಭಾವಿಸುವುದೂ ಸರಿಯಲ್ಲ. ಒಂದು ಸಲಕ್ಕೆ ಒಂದೇ ವಿಷಯವನ್ನು ಸಣ್ಣ ವಾಕ್ಯದಲ್ಲಿ ಹೇಳಿ, ಚಿತ್ರವನ್ನೋ ವಸ್ತುವನ್ನೋ ತೋರಿಸಿ, ಉತ್ತರಕ್ಕೆ ಕಾಯಿರಿ. ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿ: ‘ಸೇರುತ್ತೀರಾ?’ ಎಂಬುದಕ್ಕೂ ‘ಬೇಡವೇ?’ ಎಂಬುದಕ್ಕೂ ‘ಹೂಂ’ ಎಂದರೆ ಇನ್ನೂ ಅರ್ಥವಾಗಿಲ್ಲವೆಂದು ತಿಳಿಯಿರಿ. ಮರುದಿನ ಮತ್ತೆ ಕೇಳಿ. ಮತ್ತು ಅವರು ‘ಬೇಡ’ ಎಂದರೆ, ನಿಮ್ಮ ಮೂವರಿಗೂ ಎಷ್ಟೇ ಆಸೆಯಿದ್ದರೂ, ಅದು ಅಲ್ಲಿಗೆ ಮುಗಿಯಬೇಕು.

ಪ್ರಶ್ನೆ ಕೇಳಿದವರು, ನಾಲ್ಕು ದಿನಗಳ ನಂತರ

ತಾವು ಹೇಳಿದಂತೆಯೇ ಮಾಡಿದೆವು. ಸಲೈನಿನ ವಿಷಯವನ್ನು ಹೇಗೆ ತಿಳಿಸುವುದೆಂದು ಯೋಚಿಸಿ, ಎರಡು ಸ್ಟೀಲಿನ ಲೋಟ ತಂದು ಒಂದಕ್ಕೆ ಬೆಲ್ಲದ ಪಾನಕ, ಇನ್ನೊಂದಕ್ಕೆ ಬರಿಯ ನೀರು ಹಾಕಿ, ಎರಡನ್ನೂ ತಟ್ಟೆಯಿಂದ ಮುಚ್ಚಿ ಅಪ್ಪನ ಮುಂದಿಟ್ಟೆ. ‘ಆಸ್ಪತ್ರೆಯವರು ಒಂದು ಕೊಡುತ್ತಾರೆ. ಯಾವುದೆಂದು ಹೇಳುವುದಿಲ್ಲ. ನೀರೂ ಇರಬಹುದು’ ಎಂದೆ. ಅಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಎಡಗೈಯಿಂದ ಒಂದು ಲೋಟವನ್ನು ಎತ್ತಿ ಕುಡಿದರು. ಅದು ನೀರಾಗಿತ್ತು. ನನ್ನ ಮುಖ ನೋಡಿ, ತಲೆಯಾಡಿಸಿ, ‘ಹೂಂ’ ಎಂದರು. ಮರುದಿನ ‘ನೀರು ಬಂದರೆ ಬೇಸರವೇ?’ ಎಂದು ಕೇಳಿದಾಗ ‘ಬೇಡ’ ಎನ್ನಲಿಲ್ಲ, ಕೈಯನ್ನು ಅಡ್ಡಡ್ಡ ಆಡಿಸಿದರು. ಬೇಸರವಿಲ್ಲ ಎಂದು ನಾವು ತಿಳಿದೆವು, ಅಮ್ಮ ಮತ್ತೊಮ್ಮೆ ಕೇಳಿದಾಗಲೂ ಹಾಗೆಯೇ ಆಡಿಸಿದರು.

ನಿನ್ನೆ ಪ್ರಯೋಗದ ಕನ್ನಡ ಪತ್ರ ಬಂತು. ಅದರಲ್ಲಿ ಏನೇನನ್ನು ಅಳೆಯುತ್ತಾರೆಂಬ ಪಟ್ಟಿಯನ್ನು ಅಪ್ಪನಿಗೆ ಒಂದೊಂದಾಗಿ ಓದಿದೆ. ನೀವು ಮೊದಲ ಉತ್ತರದಲ್ಲಿ ಹೇಳಿದ್ದ ಅದೇ ಹತ್ತು ಕೆಲಸಗಳು: ಊಟ, ಸ್ನಾನ, ನಡಿಗೆ, ಮೆಟ್ಟಿಲು. ಓದಿ ಮುಗಿಸಿದ ಮೇಲೂ ಅಪ್ಪ ಇನ್ನೂ ಇದೆಯೇನೋ ಎಂಬಂತೆ ಕಾಯುತ್ತಿದ್ದರು. ಆಮೇಲೆ ಮೊಮ್ಮಗನ ಸ್ಲೇಟನ್ನು ತೊಡೆಯ ಮೇಲೆ ಎಳೆದುಕೊಂಡು, ಎಡಗೈಯಲ್ಲಿ ಬಳಪ ಹಿಡಿದು, ಬಹಳ ಹೊತ್ತು ತೆಗೆದುಕೊಂಡು ‘ಮಾತು’ ಎಂದು ಬರೆದರು. ‘ತು’ವಿನ ಕೊಂಬು ತಪ್ಪಿತ್ತು. ಅದನ್ನು ತಾವೇ ಒರೆಸಿ ತಿದ್ದಿದರು. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಬುಧವಾರ ಪ್ರಯೋಗದ ವೈದ್ಯರ ಜೊತೆ ಭೇಟಿ ಇದೆ. ಪ್ರಯಾಣದ ಖರ್ಚು, ವ್ಯಾಯಾಮ, ನೋಂದಣಿ ಸಂಖ್ಯೆ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಆದರೆ ಎಲ್ಲಕ್ಕಿಂತ ಮೊದಲು ಆ ಸ್ಲೇಟನ್ನು ಅವರ ಮುಂದೆ ಇಡುತ್ತೇನೆ. ರಾತ್ರಿ ಕಟ್ಟುವ ಸ್ಪ್ಲಿಂಟ್ ಕೂಡ ಬಂದಿದೆ.